ಮೆಕೆಂಜಿ ದಂಡೆಯ ಕರಡಿ

೬ ಫೆಬ್ರವರಿ ೨೦೨೪, ಮಂಗಳವಾರ, ಹ್ಯೂಸ್ಟನ್

ಮಹಾಜನಗಳೇ ಎಂದು ಶುರುಮಾಡಲು ನಾಲಿಗೆ ತುಡಿಯುತ್ತಿದೆ. ಎದುರಿಗೆ ಮಹಾಜನರಿಲ್ಲ, ಗೆರೆ ಹೊಡೆದ ಖಾಲಿ ಹಾಳೆ ಇದೆ. ಇರಲಿ. ಇಂದಿನಿಂದ ಈ ಪುಸ್ತಕವೇ ನನ್ನ ರಂಗಮಂಚ. ನಟನೂ ನಾನೇ, ಪ್ರೇಕ್ಷಕನೂ ನಾನೇ, ಶಿಳ್ಳೆ ಹೊಡೆಯುವವನೂ ನಾನೇ.

ತಗಡಿನ ಥೇಟರಿನಲ್ಲಿ ಹುಟ್ಟಿ, ವೇಷಭೂಷಣದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನು ಈ ಮುರಳೀಧರ. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಮುಟ್ಟುವ ಕಂಠ ನನ್ನದು. ಟೆಕ್ಸಸ್ಸಿನ ಯಾವ ಕನ್ನಡ ಸಂಘದ ವೇದಿಕೆಯೂ ಈ ಕಂಠವನ್ನು ಕೇಳದೆ ಉಳಿದಿಲ್ಲ. ಅಂಥವನಿಗೆ ಇಂದು, ಅವನದೇ ಮನೆಯ ಊಟದ ಮೇಜಿನ ಮುಂದೆ, ಬಾಯಿ ಮುಚ್ಚೆಂದು ಹೇಳಲಾಯಿತು.

ಹೇಳಿದವಳು ಡೆನಿಸ್. ಚಂದ್ರಪ್ರಭಾಗೆ ಮಾತು ಮರಳಿಸಲು ಬರುವ ಥೆರಪಿಸ್ಟ್. ಡಿಸೆಂಬರಿನಲ್ಲಿ ನನ್ನ ಚಂದ್ರಾಗೆ ಸ್ಟ್ರೋಕ್ ಆಯಿತು. ಕೈಕಾಲುಗಳನ್ನು ನಮಗೇ ಬಿಟ್ಟು ಮಾತನ್ನು ಮಾತ್ರ ಎತ್ತಿಕೊಂಡು ಹೋಯಿತು. ಬುದ್ಧಿ ಮೊದಲಿನಂತೆಯೇ ಚುರುಕಾಗಿದೆ. ಏನು ಹೇಳಬೇಕೆಂಬುದು ಒಳಗೆ ಗೊತ್ತು, ಶಬ್ದ ಸಿಗುವುದಿಲ್ಲ. ಸಿಕ್ಕರೆ ಕನ್ನಡದ್ದೇ ಸಿಗುತ್ತದೆ. ಈ ಊರಿನ ಅದೆಷ್ಟು ಮಕ್ಕಳಿಗೆ ಔಷಧಿ ಕೊಟ್ಟ ಡಾಕ್ಟರಮ್ಮ, ಆ ಇಂಗ್ಲಿಷ್ ಎಲ್ಲ ಎಲ್ಲಿಗೆ ಹೋಯಿತೋ. ಡೆನಿಸ್‌ಗೆ ಕನ್ನಡ ಬಾರದ ಕಾರಣ ನಾನು ದುಭಾಷಿ.

ಡೆನಿಸ್ ಲೋಟದ ಚಿತ್ರ ತೋರಿಸಿದಳು. ಚಂದ್ರಾ ತುಟಿ ತೆರೆದಳು. ನಾನು ಲೋಟ ಎಂದೆ. ಬಾಚಣಿಗೆ ತೋರಿಸಿದಳು. ಅದನ್ನೂ ನಾನೇ ಹೇಳಿದೆ. ಆನೆಯ ಚಿತ್ರಕ್ಕಂತೂ ಗಜರಾಜ ಎಂದು ಅಭಿನಯ ಸಹಿತ ಹೇಳಿದೆ. ಡೆನಿಸ್ ಚಿತ್ರಗಳನ್ನು ಕೆಳಗಿಟ್ಟು, ನಿಮಗೆ ಇಂದು ಪೂರ್ತಿ ಅಂಕ, ಆದರೆ ಪೇಷಂಟ್ ನೀವಲ್ಲವಲ್ಲ ಎಂದಳು.

ಸಂಜೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಮಗಳು ನಳಿನಿ ಫೋನ್ ಮಾಡಿದಾಗ ದೂರು ಕೊಟ್ಟೆ. ಅವಳು ನಕ್ಕಳು, ಆಮೇಲೆ ನಗಲಿಲ್ಲ. "ಅಪ್ಪಾ, ನಿಮ್ಮ ಭಾಷಣ ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡಿ. ಮನೇಲಿ ಅಮ್ಮನ ಮಾತಿಗೆ ಸ್ವಲ್ಪ ಜಾಗ ಬಿಡಿ."

ಬಿಟ್ಟಿದ್ದೇನೆ. ಬರೆಯುತ್ತಿದ್ದೇನೆ.

೯ ಫೆಬ್ರವರಿ, ಶುಕ್ರವಾರ

ಸಂಪತ್ ಫೋನ್ ಮಾಡಿದ್ದ. ಆಸ್ಟಿನ್ ಕನ್ನಡಿಗರ ಕಾರ್ಯದರ್ಶಿ, ಉತ್ಸಾಹಿ ಹುಡುಗ. ಮೇ ತಿಂಗಳಲ್ಲಿ ಫ್ಲೂಗರ್‌ವಿಲ್‌ನ ಒಂದು ಹಾಲ್‌ನಲ್ಲಿ ಚಂದ್ರಾಳ ಜಲವರ್ಣ ಚಿತ್ರಗಳ ಪ್ರದರ್ಶನ ಇಡುತ್ತಾರಂತೆ. ಚಿತ್ರಗಳ ಬಗ್ಗೆ ನಾನು ಮಾತಾಡಬೇಕಂತೆ. ಇಂಥ ಆಮಂತ್ರಣಕ್ಕೆ ಮುರಳೀಧರ ಬೇಡ ಎಂದದ್ದುಂಟೆ.

ಆ ಚಿತ್ರಗಳೋ! ರಿಟೈರ್ ಆದ ಮೇಲೆ ಪ್ರತಿ ಬೇಸಿಗೆ ಟೆಕ್ಸಸ್ ಹೆಂಚಿನಂತೆ ಕಾಯುವ ಹೊತ್ತಿಗೆ ಚಂದ್ರಾ ಪೆಟ್ಟಿಗೆ ಕಟ್ಟುತ್ತಿದ್ದಳು. ಕೆನಡಾದ ಉತ್ತರ ತುದಿ, ಮೆಕೆಂಜಿ ನದಿ. ಬೇಸಿಗೆಯಲ್ಲಿ ರಸ್ತೆಯೇ ಮುಟ್ಟದ ಊರುಗಳು. ಅಲ್ಲಿಗೆ ದೋಣಿಯೇ ಬಸ್ಸು. ಈ ಮೈಸೂರಿನ ಹೆಂಗಸು ಸ್ವೆಟರಿನ ಮೇಲೆ ಸ್ವೆಟರು ತೊಟ್ಟು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ದಂಡೆಯಲ್ಲಿ ಕೂರುತ್ತಿದ್ದಳು. ಮರದ ದಿಮ್ಮಿಯ ಮನೆಗಳು, ಮೀನು ಒಣಗಿಸುವ ಅಟ್ಟಣಿಗೆಗಳು, ಬೋರಲು ಹಾಕಿದ ದೋಣಿಗಳು, ಪುಟ್ಟದೊಂದು ಚರ್ಚು. ಸೆಪ್ಟೆಂಬರಿನವರೆಗೆ ಉಳಿದರೆ ಕುಂಚದ ನೀರು ಹೆಪ್ಪುಗಟ್ಟುತ್ತದೆಂದು ಅದಕ್ಕೆ ವೋಡ್ಕಾ ಬೆರೆಸುತ್ತಿದ್ದಳು. ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನದ ಮನೆಯಲ್ಲಿ ಹುಟ್ಟಿದವಳು ಅಂಗಡಿಗೆ ಹೋಗಿ ಬಾಟಲಿ ಕೊಳ್ಳುತ್ತಿದ್ದ ದೃಶ್ಯವನ್ನು ನಾನು ಎಷ್ಟು ಸಭೆಗಳಲ್ಲಿ ಆಡಿ ತೋರಿಸಿಲ್ಲ. ಆದರೂ ಕೆಲವು ಹಾಳೆಗಳಲ್ಲಿ ಬಣ್ಣ ಒಣಗುವ ಮೊದಲೇ ಹಿಮಗಟ್ಟಿ, ಆಕಾಶದ ತುಂಬ ಜರೀಗಿಡದ ಎಲೆಯಂಥ ಗೆರೆ ಮೂಡಿದೆ. ಚಳಿಯೇ ಬರೆದ ಗೆರೆ.

ನಾನು ಹೋಗಲಿಲ್ಲ. ಬೇಸಿಗೆಯೆಂದರೆ ಸಂಘದ ನಾಟಕದ ತಾಲೀಮು.

ಎಲ್ಲದರಲ್ಲಿ ಪ್ರಸಿದ್ಧವಾದದ್ದು ನಮ್ಮ ನಡುಮನೆಯ ಗೋಡೆಯಲ್ಲಿದೆ. ನದಿಯ ದಂಡೆಗುಂಟ ಮನೆಗಳ ಸಾಲು, ಸಾಲಿನ ನಡುವೆ ಏನೂ ಬರೆಯದ ಒಂದು ಬಿಳಿ ತುಣುಕು. ಪೂರ್ತಿಯಾಗದ ಚಿತ್ರ. ಯಾಕೆಂದರೆ ಅಲ್ಲಿಯವರೆಗೆ ಬರೆದಾಗ ಪೊದೆಯಿಂದ ಕರಡಿ ಬಂತು. ಚಂದ್ರಾ ಬಣ್ಣದ ತಟ್ಟೆಯನ್ನು ಅದರ ಮುಖಕ್ಕೆ ಎಸೆದಳು, ಕರಡಿ ನೀಲಿ ಮೂಗು ಹೊತ್ತು ಓಡಿತು. ಇದು ನಾನು ಕಟ್ಟಿದ ಪ್ರಸಂಗ. ಸಂಘದಲ್ಲಿ ಹೇಳಿ ಮುಗಿಸಿದಾಗಲೆಲ್ಲ, ಮನೆಗೆ ಬರುವಾಗ ಕಾರಿನಲ್ಲಿ ಚಂದ್ರಾ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ, "ಕರಡಿ ಈ ಸಲ ಒಂದಡಿ ಬೆಳೀತು, ಅಲ್ವೇನ್ರೀ?" ಎನ್ನುತ್ತಿದ್ದಳು. ಅದು ನನ್ನ ಚಪ್ಪಾಳೆ.

ಭಾಷಣದ ಸುದ್ದಿ ಹೇಳಿದಾಗ ಅವಳು ಕೈಯನ್ನು ಎದೆಯ ಮೇಲಿಟ್ಟು "ನಾ... ನಾ..." ಎಂದಳು. ನಾಷ್ಟಾ ಎಂದು ತಿಳಿದು ಉಪ್ಪಿಟ್ಟು ಮಾಡಿಕೊಟ್ಟೆ. ನನ್ನನ್ನೇ ನೋಡುತ್ತ ಸಿಟ್ಟಿನಲ್ಲಿ ಪೂರ್ತಿ ತಿಂದಳು.

೧೦ ಫೆಬ್ರವರಿ, ಶನಿವಾರ

ನಾಷ್ಟಾ ಅಲ್ಲ. ನಾನು. ತಾನೇ ಮಾತಾಡುತ್ತಾಳಂತೆ.

ಇದು ಆಗುವ ಮಾತೇ. ತುಂಬಿದ ಸಭೆ, ಅವಳಿಗೆ ಲೋಟ ಎನ್ನಲು ಬಾರದು. ಜನ ಅಯ್ಯೋ ಪಾಪ ಎಂದು ನೋಡುವುದನ್ನು ನಾನು ನೋಡಲಾರೆ. ನಗುತ್ತ ಆಗಲಿ ಎಂದೆ. ನಾನು ಒಳ್ಳೆಯ ನಟ, ಅವಳು ನಂಬಲಿಲ್ಲ.

೨೧ ಫೆಬ್ರವರಿ, ಬುಧವಾರ

ಡೆನಿಸ್ ಹೊಸ ಪಾಠ ಹೇಳಿದಳು. ಪೂರ್ತಿ ಶಬ್ದ ಹೇಳಬೇಡಿ. ಮೊದಲ ಅಕ್ಷರ ಮಾತ್ರ ಕೊಡಿ, ಅದೂ ಅವರು ಕೇಳಿದರೆ. ಇಷ್ಟು ವರ್ಷ ಓದಿ ಇದನ್ನು ಕಂಡುಹಿಡಿದಿರಾ ಎಂದು ನನಗೆ ನಗು ಬಂತು. ಇದು ನಮ್ಮಪ್ಪನ ಉದ್ಯೋಗವಲ್ಲವೆ.

ಅಪ್ಪ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ ಕಂದೀಲು ಹಚ್ಚಿಕೊಂಡು ಕೂರುತ್ತಿದ್ದರು. ನಟರು ಮರೆತರೆ ಮಾತಿನ ಮೊದಲ ಅಕ್ಷರ ಕೊಡುವುದು, ಅದಕ್ಕಿಂತ ಹೆಚ್ಚಿಲ್ಲ. ಅವರ ಮುಖವನ್ನು ಒಬ್ಬ ಪ್ರೇಕ್ಷಕನೂ ನೋಡಲಿಲ್ಲ. ನನಗದು ಬೇಡವಾಗಿತ್ತು, ನನಗೆ ಬೆಳಕಿನ ನಡುವೆ ನಿಲ್ಲಬೇಕಿತ್ತು.

ಒಮ್ಮೆ ಅಪ್ಪನಿಗೆ ಜ್ವರ ಬಂದು ಬೇರೆ ಯಾರೋ ಕೂತಿದ್ದರು. ನಾಯಕಿಯ ಪಾತ್ರದ ಗಂಗವ್ವ ಮಗನ ಹೆಣದ ಮುಂದೆ ಮಾತು ನಿಲ್ಲಿಸಿದಳು. ಮರೆತಳೆಂದು ತಿಳಿದು ಆತ ಸಾಲನ್ನು ಕೊಟ್ಟ, ಜೋರಾಗಿಯೇ ಕೊಟ್ಟ. ಪರದೆ ಬಿದ್ದ ಮೇಲೆ ಗಂಗವ್ವ ಅವನ ಮುಂದೆ ನಿಂತು, "ಆ ಮೌನ ನಂದಿತ್ತೋ. ನೀ ಯಾಕ ಕಸಗೊಂಡಿ?" ಎಂದಳು. ಕೂಗಲಿಲ್ಲ. ಅಪ್ಪ ಆಮೇಲೆ ಅವನಿಗೆ ಹೇಳಿದ್ದಿಷ್ಟೇ: ಕಣ್ಣು ನೋಡು. ಮರೆತವರ ಕಣ್ಣು ಪರದೆಯ ಕಡೆ ಹೊರಳುತ್ತದೆ. ಹೊರಳದಿದ್ದರೆ ಅದು ಅವರ ಮೌನ, ನಿನ್ನ ಕೆಲಸವಲ್ಲ.

ಇದು ಯಾಕೆ ನೆನಪಾಯಿತೋ.

೩ ಮಾರ್ಚ್, ಭಾನುವಾರ

ಸ್ಟಾಫರ್ಡ್‌ನ ಅಂಗಡಿಯಲ್ಲಿ ತರಕಾರಿ. ಚಂದ್ರಾ ಒಂದು ರಾಶಿಯ ಮುಂದೆ ನಿಂತಳು. ಬಾಯಿ ತೆರೆದಳು. ಹಿಂದೆ ಒಬ್ಬ ಹೆಂಗಸು ಗಾಡಿ ಹಿಡಿದು ಕಾಯುತ್ತಿದ್ದಳು. ನಾನು ಕೆನ್ನೆಯ ಒಳಗನ್ನು ಕಚ್ಚಿ ಹಿಡಿದೆ. ಇಂಥ ಅಭಿನಯ ಯಾವ ನಾಟಕದಲ್ಲೂ ಮಾಡಿಲ್ಲ.

"ಬ... ಬದನೆಕಾಯಿ."

ನನಗೆ ಬದನೆಕಾಯಿ ಸೇರದು. ಎರಡು ಚೀಲ ತುಂಬಿಸಿದೆ.

೧೭ ಮಾರ್ಚ್, ಭಾನುವಾರ

ಇಂದು ಅವಳು ಕುಂಚ ಮುಟ್ಟಿದಳು, ಡಿಸೆಂಬರಿನ ನಂತರ ಮೊದಲ ಸಲ. ಕಿಟಕಿಯ ಬಳಿ ಕೂತು ಚಹಾ ಕಪ್ಪಿನ ಚಿತ್ರ ಬರೆದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಅವಳು ಬರೆಯುವುದನ್ನು ಹೀಗೆ ಕೂತು ನೋಡಿರಲಿಲ್ಲ, ಮುಗಿದ ಮೇಲೆ ಭೇಷ್ ಎನ್ನುತ್ತಿದ್ದೆ ಅಷ್ಟೇ.

ಹಬೆ ಬರೆಯುವುದನ್ನೇ ಕಾದೆ. ನಮ್ಮ ಕಂಪನಿಯ ಪರದೆಗಳಲ್ಲಿ ಎಲ್ಲ ಬಣ್ಣ ಆದ ಮೇಲೆ ಕೊನೆಗೆ ಬಿಳಿ ಬಳಿದು ಹೊಗೆ, ಮೋಡ, ಜಲಪಾತ ಮಾಡುತ್ತಿದ್ದರು. ಇವಳು ಸುತ್ತಲೂ ಬೂದು ಬಣ್ಣ ಹಚ್ಚುತ್ತ ಹೋದಳು.

"ಬಿಳಿ ಯಾವಾಗ ಹಚ್ಚತೀ?" ಎಂದೆ.

"ಹಚ್ಚಲ್ಲ."

ಕಾದೆ.

"ಬಿ... ಬಿಡ್ತೀನಿ."

ನೋಡಿದರೆ ಕಪ್ಪಿನ ಮೇಲೆ ಹಬೆ ಏಳುತ್ತಿತ್ತು. ಅದು ಬರೀ ಹಾಳೆ.

೧೩ ಏಪ್ರಿಲ್, ಶನಿವಾರ, ಡಲ್ಲಾಸ್

ಈ ಜನ್ಮದಲ್ಲಿ ಯಾರೂ ನನ್ನನ್ನು ದೃಶ್ಯದ ನಡುವೆ ತಡೆದಿರಲಿಲ್ಲ.

ಕ್ಯಾರಲ್ಟನ್‌ನಲ್ಲಿ ಯುಗಾದಿ ಸಮಾರಂಭ. ಡಿಸೆಂಬರಿನ ನಂತರ ಚಂದ್ರಾ ಮೊದಲ ಸಲ ಜನರ ನಡುವೆ ಬಂದಿದ್ದಳು, ಹಸಿರು ಸೀರೆ ಉಟ್ಟು. ಹೆಂಗಸರು ಅವಳ ಕೈ ಹಿಡಿದು ಮಾತಾಡಿಸುತ್ತ, ಉತ್ತರವನ್ನು ಮಾತ್ರ ನನ್ನ ಮುಖ ನೋಡಿ ಕೇಳುತ್ತಿದ್ದರು. ಆಂಟಿ ಊಟ ಮಾಡ್ತಾರಾ ಅಂಕಲ್, ಆಂಟಿಗೆ ನಿದ್ದೆ ಬರುತ್ತಾ ಅಂಕಲ್. ನಾನು ಉತ್ತರ ಕೊಟ್ಟೆ, ಇನ್ನೇನು ಮಾಡಲಿ.

ಊಟವಾದ ಮೇಲೆ ಹಳೆಯ ಮಿತ್ರ ಮೋಹನರಾಜ ಎದ್ದು, ನಮ್ಮ ಮುರಳಿಯ ಕರಡಿ ಬರಲಿ ಎಂದ. ಎಲ್ಲರೂ ಕರಡಿ, ಕರಡಿ ಎಂದು ಮೇಜು ಬಡಿದರು. ಏಳದಿದ್ದರೆ ನಾನು ನಾನೇ ಅಲ್ಲ. ನದಿ ತಂದೆ, ಮಂಜು ತಂದೆ, ಪೊದೆ ಅಲುಗಾಡಿಸಿದೆ. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತ್ತು, ಸಭೆ ಉಸಿರು ಹಿಡಿದಿತ್ತು. ಆಗ ಠಣ್ ಎಂದು ಸ್ಟೀಲಿನ ಲೋಟ ಮೇಜಿಗೆ ಬಡಿದ ಸದ್ದು.

"ಅಲ್ಲ."

ಚಂದ್ರಾ. ಇನ್ನೊಮ್ಮೆ ಎಂದಳು. "ಅಲ್ಲ." ಕಣ್ಣು ತುಂಬಿತ್ತು.

ಸುಸ್ತಾಗಿದ್ದಾಳೆ ಎಂದು ಯಾರೋ ಅಂದರು. ಸುಸ್ತಾಗಿದೆ ಎಂದು ನಾನೂ ಅಂದೆ.

ಹೋಟೆಲಿಗೆ ಬರುವಾಗ ಕಾರಿನಲ್ಲಿ ಅವಳು ಸೀಟ್ ಬೆಲ್ಟ್ ಹಾಕಿಕೊಂಡು ಕಿಟಕಿಯತ್ತ ತಿರುಗಿದಳು. ಕರಡಿ ಎಷ್ಟು ಬೆಳೆಯಿತೆಂದು ಯಾರೂ ಹೇಳಲಿಲ್ಲ.

೧೫ ಏಪ್ರಿಲ್, ಸೋಮವಾರ

ನಿನ್ನೆ ಮನೆಗೆ ಮುಟ್ಟಿದೆವು. ಇಂದು ಬೆಳಿಗ್ಗೆ ಚಿತ್ರವನ್ನು ಗೋಡೆಯಿಂದ ಇಳಿಸಿ ಅವಳ ಮುಂದೆ ಇಟ್ಟೆ. ಈ ಚಿತ್ರ ಮನೆಗೆ ಬಂದು ಇಷ್ಟು ವರ್ಷವಾಯಿತು. ನಾನು ಕರಡಿ ತಂದೆನೇ ಹೊರತು, ಅಲ್ಲಿ ಏನಾಯಿತೆಂದು ಕೇಳಿಲ್ಲ ಎಂಬುದು ನಿನ್ನೆ ದಾರಿಯಲ್ಲಿ ಹೊಳೆದಿತ್ತು.

"ಕರಡಿ ಅಲ್ಲ. ಮತ್ತ ಏನು? ಹೇಳು. ನಾ ಕಾಯ್ತೇನಿ."

ಕಾದೆ. ಇಟ್ಟ ಚಹಾ ಕುದಿದು ಉಕ್ಕಿತು, ಹೋಗಿ ಆರಿಸಿ ಬಂದು ಮತ್ತೆ ಕೂತೆ. ನೆಲದ ಮೇಲಿನ ಬಿಸಿಲು ಅವಳ ಪಾದ ಬಿಟ್ಟು ನನ್ನ ಪಾದಕ್ಕೆ ಬಂತು.

"ಮಾರ್ಥಾ," ಎಂದಳು. ಬೆರಳು ಬಿಳಿಯ ಮೇಲೆ. "ಮನೆ."

ಮಾರ್ಥಾ ಎಂದರೆ ಆ ಊರಿನ ಅಜ್ಜಿ. ಆ ಹೆಸರು ಫೋನಿನಲ್ಲಿ ಕೇಳಿದ್ದೆ, ತಾಲೀಮಿನ ನಡುವೆ. ಬೆಂಕಿ ಬಿತ್ತೇನು ಎಂದೆ. ಅಲ್ಲ. ಕಳ್ಳರು? ಅಲ್ಲ. ಭೂಕಂಪ ಎನ್ನುವ ಹೊತ್ತಿಗೆ ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟು ನಕ್ಕಳು. ಶಬ್ದ ಮಾಡಿ ನಕ್ಕಳು.

ಕೈ ತೆಗೆಯುವವರೆಗೂ ಹಾಗೇ ಕೂತಿದ್ದೆ.

೨ ಮೇ, ಗುರುವಾರ

ನೀರು. ದಂಡೆ. ಮನೆ.

ಇಷ್ಟು ಬರಲು ಇಷ್ಟು ದಿನ. ಉಳಿದದ್ದನ್ನು ಅವಳ ಕೈಸನ್ನೆ ನೋಡಿ ಜೋಡಿಸಿಕೊಂಡೆ. ಅಲ್ಲಿಯ ನೆಲದೊಳಗಿನ ಹಿಮ ಕರಗಿ, ನದಿ ದಂಡೆಯನ್ನು ಕೊರೆದು, ಮಾರ್ಥಾಳ ಮನೆ ಜಾರಿ ಹೋಯಿತು. ಚಂದ್ರಾ ಮರುವರ್ಷ ಹೋದಾಗ ಸಾಲಿನಲ್ಲಿ ಆ ಮನೆ ಇರಲಿಲ್ಲ.

ಗುಡುಗು, ಬಿರುಗಾಳಿ ಸೇರಿಸಲು ಒಳ್ಳೆಯ ಎಡೆ ಇತ್ತು. ಸೇರಿಸಲಿಲ್ಲ.

ಹಾಗಾದರೆ ಬಿಳಿ ಯಾಕೆ? ಖಾಲಿ ದಂಡೆ ಬರೆಯಬಹುದಿತ್ತಲ್ಲ. ಕೇಳಿದೆ. ಅವಳು ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಕೊನೆಗೆ ಕೈ ಬೀಸಿ, "ಅಲ್ಲಿ," ಎಂದಳು. ಆಸ್ಟಿನ್ನಿನಲ್ಲಿ ಹೇಳುತ್ತಾಳಂತೆ.

ಸಂಪತ್‌ಗೆ ಫೋನ್ ಮಾಡಿ, ಅವಳೇ ಮಾತಾಡುತ್ತಾಳೆ ಎಂದೆ. ಹುಡುಗ ಗಾಬರಿಯಾದ.

"ಅಂಕಲ್, ಹಾಲ್ ಫುಲ್ ಆಗುತ್ತೆ. ಆಂಟಿ ಮಧ್ಯದಲ್ಲಿ ನಿಂತುಬಿಟ್ರೆ?"

"ನಿಂತರ ನಿಲ್ತಾಳ. ಮಂದಿ ಕಾಯ್ತಾರ."

ಹೇಳಿದ್ದೇನೋ ಗಟ್ಟಿಯಾಗಿಯೇ ಹೇಳಿದೆ. ಭಾಷಣ ಮಾತ್ರ ಬರೆದು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಸಂದರ್ಭ ಹೇಳಿ ಬರುವುದಿಲ್ಲ.

೧೭ ಮೇ, ಶುಕ್ರವಾರ, ಫ್ಲೂಗರ್‌ವಿಲ್

ನಳಿನಿಯ ಮನೆ. ಚಂದ್ರಾಳ ಸೀರೆಗೆ ಇಸ್ತ್ರಿ ಹಾಕಿದೆ.

೧೯ ಮೇ, ಭಾನುವಾರ, ಹ್ಯೂಸ್ಟನ್

ನಿನ್ನೆ ಹಾಲ್ ತುಂಬಿತ್ತು. ಚಿತ್ರಗಳನ್ನು ಸುತ್ತಲೂ ತೂಗುಹಾಕಿದ್ದರು, ಬಿಳಿ ಇರುವುದನ್ನು ವೇದಿಕೆಯ ಮೇಲೆ ಸ್ಟ್ಯಾಂಡಿನಲ್ಲಿ ಇಟ್ಟಿದ್ದರು. ವೇದಿಕೆಯ ಪಕ್ಕಕ್ಕೆ ಸಂಘದ ಹೆಸರಿನ ಎತ್ತರದ ಬ್ಯಾನರ್ ಇತ್ತು. ಅದರ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡೆ. ಅಲ್ಲಿಂದ ಅವಳ ಮುಖ ಕಾಣುತ್ತಿತ್ತು. ಜನರಿಗೆ ನಾನು ಕಾಣುತ್ತಿರಲಿಲ್ಲ.

ಚಂದ್ರಾ ಮೈಕಿನ ಮುಂದೆ ನಿಂತಳು.

"ಇದು... ಮಾರ್ಥಾ ಊರು. ಮೊದಲ್ನೇ ಸಲ... ಅವಳ ಮನೇಲಿ... ಇದ್ದೆ. ಚಹಾ ಕೊಟ್ಲು. ಮೀನು... ಕೊಟ್ಲು." ಸ್ವಲ್ಪ ತಡೆದು, "ತಿನ್ಲಿಲ್ಲ."

ಜನ ನಕ್ಕರು. ಅವಳೂ ನಕ್ಕಳು.

"ಆಮೇಲೆ ನದಿ... ದಂಡೆ ತಿಂತು. ಮನೆ... ಹೋಯ್ತು."

ನಿಂತಳು.

ಹಾಲ್‌ನಲ್ಲಿ ಎಸಿಯ ಸದ್ದು ಮಾತ್ರ. ಯಾರೋ ಕೆಮ್ಮಿದರು. ಮೊದಲ ಸಾಲಿನ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂಪತ್ ಇನ್ನೊಂದು ಮೈಕು ಹಿಡಿದು ಬಗ್ಗಿ ನನ್ನ ಹತ್ತಿರ ಬಂದ, ಅಂಕಲ್ ಪ್ಲೀಸ್ ಎಂದ. ನಾನು ಅವನ ಕಡೆ ತಿರುಗಲಿಲ್ಲ, ತಿರುಗಿದ್ದರೆ ಅವಳ ಕಣ್ಣು ತಪ್ಪುತ್ತಿತ್ತು. ಅವಳ ಕಣ್ಣು ಚಿತ್ರದ ಮೇಲಿತ್ತು. ನನ್ನ ಕಡೆ ಹೊರಳಿರಲಿಲ್ಲ. ಸಂಪತ್‌ನ ಮೊಣಕೈ ಹಿಡಿದು ಕೆಳಗೆ ಕೂರಿಸಿದೆ.

"ಮಾರ್ಥಾ... ನನ್ನ ಪಕ್ಕ... ನಿಂತಿದ್ಲು," ಎಂದಳು ಚಂದ್ರಾ. "ಎಲ್ಲಾರ ಮನೆ... ಬರಿ ಅಂದ್ಲು. ನನ್ನ... ನನ್ನ ಮನೆಗೆ..."

ಈಗ ಹೊರಳಿತು.

ಅಪ್ಪನ ತೊಡೆಯ ಮೇಲೆ ಹಸ್ತಪ್ರತಿ ಇರುತ್ತಿತ್ತು. ನನ್ನ ಹತ್ತಿರ ಏನಿತ್ತು. ಮುಂದಿನ ಮಾತು ನನಗೆ ಅವಳು ಹೇಳಿರಲಿಲ್ಲ. ಅವಳ ಕಣ್ಣು ನೋಡಿದೆ, ಸ್ಟ್ಯಾಂಡಿನ ಮೇಲಿನ ಬಿಳಿಯನ್ನು ನೋಡಿದೆ. ಅಷ್ಟಗಲದ್ದು, ಒಂದು ಮನೆಯಷ್ಟು.

"ಜಾ," ಎಂದೆ. ಪಕ್ಕದಲ್ಲಿ ಕೂತ ಸಂಪತ್‌ಗೂ ಅದು ಕೇಳಲಿಲ್ಲವಂತೆ.

"ಜಾಗ ಬಿಡು, ಅಂದ್ಲು," ಎಂದಳು ಚಂದ್ರಾ. ಬೆರಳನ್ನು ಬಿಳಿಯ ಮೇಲೆ ಇಟ್ಟಳು. "ಬಿಟ್ಟೆ."

ಚಪ್ಪಾಳೆ ಬಹಳ ಹೊತ್ತು ಇತ್ತು. ನಾನು ಬ್ಯಾನರಿನ ಹಿಂದೆಯೇ ಕೂತಿದ್ದೆ. ಎದ್ದು ಹೋಗಬೇಕೆಂದು ಹೊಳೆಯಲಿಲ್ಲ. ಹೆಂಗಸರು ಅವಳನ್ನು ಸುತ್ತುವರಿದರು. ಪ್ರಶ್ನೆ ಕೇಳಿ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು, ಉತ್ತರ ಬರುವವರೆಗೆ. ಮೊಮ್ಮಗಳು ಇಶಾ ನನ್ನನ್ನು ಹುಡುಕಿಕೊಂಡು ಬಂದು, "ಅಜ್ಜಾ, ಯು ಡಿಡಂಟ್ ಸೇ ಎನಿಥಿಂಗ್," ಎಂದಳು. ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು.

ಇಂದು ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಚಿತ್ರ ಹಿಂದಿನ ಸೀಟಿನಲ್ಲಿತ್ತು, ನಳಿನಿಯ ಹಳೆಯ ಕಂಬಳಿ ಸುತ್ತಿಕೊಂಡು. ಕೋಟನ್ನು ಅಲ್ಲಿಯೇ ಮರೆತು ಬಂದಿದ್ದೇನೆ, ಭಾಷಣವೂ ಅದರಲ್ಲೇ ಇದೆ. ಮುಂದಿನ ಸಲ ತಂದರಾಯಿತು.

ಬ್ಯಾಸ್ಟ್ರಪ್ ದಾಟಿ, ಪೈನ್ ಮರಗಳು ಮುಗಿದು ಹುಲ್ಲುಗಾವಲು ಶುರುವಾಗಿತ್ತು. ಚಂದ್ರಾ ಸೀಟ್ ಬೆಲ್ಟನ್ನು ಸ್ವಲ್ಪ ಸಡಿಲ ಮಾಡಿಕೊಂಡಳು.

"ರೀ."

"ಹಂ."

"ಕರಡಿ..." ಎಂದಳು. ಸ್ವಲ್ಪ ದೂರ ಹೋದೆವು. "ಪಾಪ. ನಿನ್ನೆ... ಕಾರಲ್ಲೇ... ಕೂತಿತ್ತಾ?"

ಅದಕ್ಕೆ ಸರಿಯಾದ ಒಂದು ಉತ್ತರ ನನ್ನ ನಾಲಿಗೆಯ ತುದಿಗೆ ಬಂತು. ಒಳ್ಳೆಯ ಉತ್ತರ. ಓರೆಗಣ್ಣಿನಲ್ಲಿ ಅವಳನ್ನು ನೋಡಿದೆ. ಅವಳು ರಸ್ತೆಯನ್ನು ನೋಡುತ್ತಿದ್ದಳು, ತುಟಿ ಇನ್ನೂ ತೆರೆದಿತ್ತು.

ಅವಳದಿನ್ನೂ ಮುಗಿದಿರಲಿಲ್ಲ.